‘ಮಂದಿಗೆ ತಿಳಿಯಂಗಿಲ್ಲ’ ಅನ್ನಲು ನೀವ್ಯಾರು?

ಮೊನ್ನೆ ನನ್ನ ಪ್ರೆಸ್ಸಿನಲ್ಲಿ ಒಂದು ಕೊಲೆ ನಡೆಯಿತು. ರಕ್ತ ಬರಲಿಲ್ಲ. ಕೆಂಪು ಬಾಲ್‌ಪೆನ್ನಿನ ಒಂದು ಗೀಟು, ಅಷ್ಟೇ!

ರಾಜ್ಯೋತ್ಸವದ ಕರಪತ್ರ ಅದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕಾಲೇಜು ಹುಡುಗರು ಕೂಡಿ, ಮೂರೂ ಊರಲ್ಲಿ ಪರದೆ ಕಟ್ಟಿ ಕನ್ನಡ ಸಿನಿಮಾ ತೋರಿಸುವುದೆಂದು ಠರಾವು ಮಾಡಿದ್ದರು. ಪಟ್ಟಿಯಲ್ಲಿ 2013ರ ‘ಲೂಸಿಯಾ’ ಇತ್ತು. ಪ್ರೂಫ್ ತಿದ್ದಿ ಪ್ಲೇಟೂ ಆಗಿತ್ತು. ಅಷ್ಟರಲ್ಲಿ ಐದಾರು ಮಂದಿ ಬಂದು ಆ ಹೆಸರಿನ ಮೇಲೆ ಗೀಟು ಹೊಡೆದು, “ಅಣ್ಣಾ, ಇದನ್ನ ತಗದ ಬಿಡ್ರಿ. ನಮ್ಮ ಕಡೀ ಮಂದಿಗೆ ತಿಳಿಯಂಗಿಲ್ಲ” ಅಂದರು.

ಯಾಕ್ರಪ್ಪಾ ಅಂದೆ. ಶುರುವಾಯಿತು ನೋಡಿ ಜಗಳ! ಹುಕ್ಕೇರಿಯ ಹುಡುಗ, “ನಾ ಮೂರ ಸಲ ನೋಡೇನಿ, ಕನ್ನಡದಾಗ ಹಿಂತಾದ್ದು ಮತ್ತೊಂದಿಲ್ಲ” ಅಂದ. ಮೂಡಲಗಿಯವ, “ಎರಡ ತಾಸಿನ ಮ್ಯಾಲ ಕುಂದ್ರಿಸಿ, ಕಡೀಕ ಅದೆಲ್ಲಾ ಕನಸು ಅಂದ್ರ ಹೆಂಗ? ಮಂದೀನ ಮಂಗ್ಯಾ ಮಾಡೋದಲ್ಲೇನ ಅದು?” ಅಂದ. ನಮ್ಮ ಗೋಕಾಕದ ಜಾಣ ಮೊಬೈಲಿನಿಂದ ತಲೆ ಎತ್ತದೆ, “ಅದು ಇಂಗ್ಲಿಷ್ ಸಿನಿಮಾದ ಕಾಪಿ” ಅಂತ ತೀರ್ಪು ಕೊಟ್ಟ.

ಜಗಳ ಕೇಳಿ ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಒಂದು ಕನ್ನಡ ಸಿನಿಮಾ ಬಂದು ಹತ್ತು ವರ್ಷ ದಾಟಿದ ಮೇಲೂ ಅದಕ್ಕಾಗಿ ಮೂರು ಊರಿನ ಹುಡುಗರು ಕಚ್ಚಾಡುತ್ತಾರೆ ಅಂದರೆ ಅದು ಜೀವಂತ ಇದೆ ಅಂತ ಅರ್ಥ. ಸಿಟ್ಟು ಬಂದದ್ದು ಆ ಗೀಟಿಗೆ.

ಆ ಸಿನಿಮಾ ನಾನು ನೋಡಿದ್ದು ಅದು ಬಿಡುಗಡೆಯಾದ 2013ರ ಸೆಪ್ಟೆಂಬರಿನಲ್ಲೇ, ಕಾಗದ ಖರೀದಿಗೆ ಬೆಂಗಳೂರಿಗೆ ಹೋದಾಗ. ಆಟ ಬಿಟ್ಟ ಮೇಲೆ ಒಬ್ಬ ಬೈಯುತ್ತಾ ಹೊರಟ, ಒಬ್ಬ ಸೀಟು ಬಿಟ್ಟು ಏಳಲೇ ಇಲ್ಲ. ಒಬ್ಬಾಕೆ ಗಂಡನಿಗೆ ಕಥೆ ಬಿಡಿಸಿ ಹೇಳುತ್ತಿದ್ದಳು, ಆತ ತಲೆ ಕೆರೆದುಕೊಳ್ಳುತ್ತಿದ್ದ. ನನಗೂ ಅರ್ಧ ತಿಳಿಯಿತು, ಉಳಿದರ್ಧ ರಾತ್ರಿ ಊರಿನ ಬಸ್ಸಿನಲ್ಲಿ ತಿಳಿಯಿತು.

ನೋಡದವರಿಗಾಗಿ ಹೇಳುತ್ತೇನೆ, ಗುಟ್ಟು ಹಳೆಯದಾಗಿದೆ. ಪವನ್ ಕುಮಾರ್ ನಿರ್ದೇಶಿಸಿದ ಚಿತ್ರ. ಟಾಕೀಜಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ನಿಕ್ಕಿ ಎಂಬ ಹುಡುಗ, ಸತೀಶ್ ನೀನಾಸಂ ಮಾಡಿದ ಪಾತ್ರ. ನಿದ್ದೆ ಬಾರದ ಆ ಹುಡುಗನಿಗೆ ಲೂಸಿಯಾ ಎಂಬ ಗುಳಿಗೆ ಸಿಗುತ್ತದೆ. ನುಂಗಿದರೆ ಕನಸು, ಅದೂ ನಿನ್ನೆ ನಿಂತಲ್ಲಿಂದ ಇವತ್ತು ಮುಂದುವರಿಯುವ ಕನಸು. ಅದರಲ್ಲಿ ಅವನು ದೊಡ್ಡ ಸಿನಿಮಾ ನಟ. ಟಾರ್ಚ್ ಹುಡುಗನ ಬಾಳು ಬಣ್ಣದಲ್ಲಿ, ನಟನ ಬಾಳು ಕಪ್ಪು ಬಿಳುಪಿನಲ್ಲಿ. ಕಪ್ಪು ಬಿಳುಪು ಅಂದರೆ ಕನಸು ಅಂತ ನಾವು ನಂಬಿ ಕೂತಿರುತ್ತೇವೆ. ಕೊನೆಗೆ ನೋಡಿದರೆ ಉಲ್ಟಾ! ನಿಜವಾಗಿ ಇದ್ದವನು ಆ ನಟ. ಟಾರ್ಚ್ ಹುಡುಗನೇ ಅವನ ಕನಸು.

ಇದು ಮೋಸ ಅನ್ನುವ ಮೂಡಲಗಿಯ ತಮ್ಮನಿಗೆ ಪ್ರೆಸ್ಸಿನವನಾಗಿ ಒಂದು ಮಾತು. ಯಾವುದಾದರೂ ಬಣ್ಣದ ಲಗ್ನಪತ್ರಿಕೆ ತಗೊಂಡು ಭೂತಗನ್ನಡಿ ಹಿಡಿದು ನೋಡು. ಮದುಮಗಳ ಕೆನ್ನೆಯಲ್ಲಿ ಕೆನ್ನೆಯೇ ಇರುವುದಿಲ್ಲ. ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳಷ್ಟೇ! ಬಣ್ಣ ಕಂಡರೆ ನಿಜ ಅನ್ನುವುದು ಕಣ್ಣಿನ ಚಟ. ನಾವು ಪ್ರೆಸ್ಸಿನವರು ಅದರ ಮೇಲೇ ಹೊಟ್ಟೆ ಹೊರೆಯುತ್ತೇವೆ. ನಿರ್ದೇಶಕ ಅದೇ ಚಟವನ್ನು ಹಿಡಿದು ಆಟ ಆಡಿದ್ದಾನೆ. ಸುಳಿವನ್ನು ಮುಚ್ಚಿಡಲಿಲ್ಲ, ಮೊದಲಿಂದ ಕಣ್ಣಮುಂದೆಯೇ ಹಿಡಿದಿದ್ದ. ಇದು ಮೋಸವಲ್ಲ. ನಡುವೆ ಬರುವ ಪತ್ತೇದಾರಿ ತನಿಖೆ ಮಾತ್ರ ಎಳೆದಾಟ, ಅದನ್ನು ನಾನೂ ಒಪ್ಪುತ್ತೇನೆ.

ಇನ್ನು ಕಾಪಿ ಅನ್ನುವ ಮಹಾಶಯ. ಯಾವುದರ ಕಾಪಿ ಅಂದರೆ ‘ವೆನಿಲ್ಲಾ ಸ್ಕೈ’ ಅಂದ. ಆ 2001ರ ಹಾಲಿವುಡ್ ಸಿನಿಮಾವೇ 1997ರ ಸ್ಪ್ಯಾನಿಷ್ ಸಿನಿಮಾ ಒಂದರ ರೀಮೇಕ್ ಕಣಪ್ಪಾ! ಅಮೆರಿಕದವರು ತಂದರೆ ರೀಮೇಕು, ಕನ್ನಡದವನು ಕನಸಿನ ಕಥೆ ಹೇಳಿದರೆ ಕಳ್ಳತನವೇ? ಇಷ್ಟಕ್ಕೂ ‘ಲೂಸಿಯಾ’ವನ್ನು ತಮಿಳಿನವರು 2015ರಲ್ಲಿ ‘ಎನಕ್ಕುಳ್ ಒರುವನ್’ ಅಂತ ರೀಮೇಕ್ ಮಾಡಿಕೊಂಡರು. ಹತ್ತು ತಂದು ಒಂದು ಕೊಟ್ಟೆವು ಅನ್ನಿ, ಕೊಟ್ಟದ್ದಾದರೂ ನೆನಪಿರಲಿ. ಇದೇ ಹುಡುಗರು ‘ಇನ್ಸೆಪ್ಷನ್’ ತಿಳಿಯದಿದ್ದರೆ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ಮತ್ತೆ ನೋಡುತ್ತಾರೆ. ‘ಬ್ರದರ್, ಏನ್ ಡೆಪ್ತು!’ ಇಂಗ್ಲಿಷ್ ತಿಳಿಯದಿದ್ದರೆ ತಪ್ಪು ತಮ್ಮದು, ಕನ್ನಡ ತಿಳಿಯದಿದ್ದರೆ ತಪ್ಪು ಕನ್ನಡದ್ದು! ಈ ಗುಲಾಮಗಿರಿಗೆ ಏನು ಹೆಸರಿಡೋಣ?

ಹೊಗಳುವವರನ್ನೂ ಬಿಡುವುದಿಲ್ಲ. ಕನ್ನಡದ್ದು, ಅದಕ್ಕೇ ಶ್ರೇಷ್ಠ ಅಂತ ಡಂಗುರ ಹೊಡೆಯುವ ಹುಕ್ಕೇರಿಯ ತಮ್ಮಾ, ಮೂರು ಸಲ ನೋಡಿದ ನಿನಗೆ ಒಂದು ಸಲವೂ ಒಂದು ಮುಳ್ಳು ಚುಚ್ಚಲಿಲ್ಲವೇ? ಶ್ರೀಮಂತ ನಟನ ಬಾಳು ನಿಜ, ಬಡ ಟಾರ್ಚ್ ಹುಡುಗನ ಬಾಳು ಅವನು ಕಂಡ ಕನಸು! ಬೀದಿಯಲ್ಲಿ ನಡೆದಾಡುವ ಸುಖ, ಸಣ್ಣ ಕೆಲಸದ ನೆಮ್ಮದಿ ನಟನಿಗೆ ಬೇಕಿತ್ತು ಅನ್ನುತ್ತದೆ ಸಿನಿಮಾ. ಚಂದದ ಮಾತು. ಆದರೆ ತಿಂಗಳ ಕೊನೆಗೆ ಟಾರ್ಚ್ ಹುಡುಗನ ಕೈಗೆ ಪಗಾರ ಎಷ್ಟು ಬರುತ್ತದೆ ಅಂತ ಕನಸು ಕಂಡವನಿಗೇನು ಗೊತ್ತು? ನನ್ನ ಪ್ರೆಸ್ಸಿನಲ್ಲಿ ಉಳ್ಳವರ ಲಗ್ನಕ್ಕೆ ನಾಲ್ಕು ಪ್ಲೇಟು, ಇಲ್ಲದವರ ತಿಥಿಗೆ ಒಂದೇ ಕಪ್ಪು ಮಸಿ. ಸಿನಿಮಾ ಇದನ್ನು ತಿರುಗಿಸಿ ಬಡವನಿಗೆ ಬಣ್ಣ ಕೊಟ್ಟಿತು, ಕೊನೆಗೆ ಕಸಿದುಕೊಂಡಿತು. ಈ ಜಗಳ ಪರದೆಯ ಮುಂದೆ ಆಗಬೇಕಿತ್ತು. ಆಡಲು ಬಿಡದೆ ಗೀಟು ಹೊಡೆದಿರಲ್ಲ!

‘ನಮ್ಮ ಕಡೀ ಮಂದಿ’ ಅಂದರೆ ಯಾರು? ಮೂಡಲಗಿಯ ಪಕ್ಕದ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರು. ಕೌಜಲಗಿ ನಿಂಗಮ್ಮನ ಪಾರಿಜಾತಕ್ಕೆ ರಾತ್ರಿಯಿಡೀ ಕೂತವರು ನಮ್ಮ ಅಜ್ಜ ಅಜ್ಜಿಯರು. ಆಟ ನಡೆಸುವ ಭಾಗವತನೇ ಆಟದೊಳಗೆ ಹೊಕ್ಕು ಪಾತ್ರದ ಜೊತೆ ಹರಟುತ್ತಾನೆ, ಮತ್ತೆ ಹೊರಗೆ ಬರುತ್ತಾನೆ. ಯಾವುದು ಆಟ, ಯಾವುದು ನಿಜ ಅಂತ ಯಾವ ಅಜ್ಜಿಯೂ ಎದ್ದು ಕೇಳಲಿಲ್ಲ. ಅಲ್ಲಮನ ಬೆಡಗಿನ ವಚನ, ಶರೀಫರ ತತ್ವಪದ ಇವತ್ತಿಗೂ ಭಜನೆಯಲ್ಲಿ ಹಾಡುತ್ತಾರೆ. ಒಂದೊಂದೂ ಒಗಟು! ಓದು ಬರಹ ಬಾರದವರು ಅದರ ಅರ್ಥಕ್ಕಾಗಿ ಕಟ್ಟೆಯ ಮೇಲೆ ಕೂತು ವಾದಿಸುತ್ತಾರೆ. ಇಂಥ ಮಂದಿಗೆ ಒಂದು ಗುಳಿಗೆಯ ಕಥೆ ತಿಳಿಯುವುದಿಲ್ಲವೇ? ಆ 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಇದೇ ಸಿನಿಮಾಕ್ಕೆ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. ಲಂಡನ್ನಿನವರ ತಲೆಗೆ ಹತ್ತಿದ ಕನ್ನಡ ಹುಕ್ಕೇರಿಯವರ ತಲೆಗೆ ಹತ್ತುವುದಿಲ್ಲ ಅನ್ನಲು ನಿಮಗೆ ನಾಚಿಕೆ ಬೇಡವೇ?

1998ರಲ್ಲಿ ಉಪೇಂದ್ರನ ‘ಎ’ ಬಂದಾಗ ನಾನು ಪಿಯುಸಿ ಹುಡುಗ. ಬುದ್ಧಿವಂತರಿಗೆ ಮಾತ್ರ ಅಂತ ಹಾಕಿಕೊಂಡೇ ಬಂದ ಸಿನಿಮಾ ಅದು. ಹಿಂದು ಮುಂದಾದ ಕಥೆ. ತಿಳಿಯಲಿಲ್ಲ ಅಂತ ನಾವು ಬಿಟ್ಟೆವೇ? ತಿಳಿಯಲಿಲ್ಲ ಅಂತಲೇ ಎರಡನೇ ಸಲ ಟಿಕೀಟು ತೆಗೆಸಿದೆವು.

ಇನ್ನೂ ಒಂದು ಸಂಗತಿ ಹುಡುಗರಿಗೆ ಮರೆತಿದೆ. ‘ಲೂಸಿಯಾ’ಕ್ಕೆ ದೊಡ್ಡ ನಿರ್ಮಾಪಕರ ರೊಕ್ಕ ಇರಲಿಲ್ಲ. ನೂರಕ್ಕೂ ಹೆಚ್ಚು ಸಾಮಾನ್ಯ ಪ್ರೇಕ್ಷಕರು ಕೈಯಿಂದ ಹಾಕಿ ಸುಮಾರು 50 ಲಕ್ಷ ಕೂಡಿಸಿದರು. ಬೆಂಗಳೂರಿನಲ್ಲಿ ಇದನ್ನು ಹೊಸ ಪವಾಡ ಅಂದರು. ಹುಕ್ಕೇರಿಯವರಿಗೆ ಇದೇನು ಹೊಸದು? 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ ತಮ್ಮ ಹಳ್ಳಿಗಳಿಗೆ ತಾವೇ ಕರೆಂಟು ಹಂಚಿಕೊಂಡ ತಾಲ್ಲೂಕು ಅದು. ಕೂಡಿ ಹಾಕಿದ ರೊಕ್ಕದ ಬೆಲೆ ಅವರಿಗೆ ಹೇಳಿಕೊಡಬೇಕೇ?

1982ರಲ್ಲಿ ಗೋಕಾಕ ವರದಿಗಾಗಿ ಜನ ಬೀದಿಗಿಳಿದದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಲಿ ಅಂತ. (ಅದು ವಿ.ಕೃ. ಗೋಕಾಕರ ಹೆಸರು, ನಮ್ಮೂರಿನದಲ್ಲ. ಆದರೂ ನಾವು ಎದೆ ಉಬ್ಬಿಸುತ್ತೇವೆ, ಇರಲಿ ಬಿಡಿ.) ಕನ್ನಡದಲ್ಲಿ ಹೊಡೆದಾಟ, ಹಾಸ್ಯ, ಕಣ್ಣೀರು ಮಾತ್ರ ಇರಲಿ, ತಲೆ ಓಡಿಸುವ ಕೆಲಸಕ್ಕೆ ಇಂಗ್ಲಿಷ್ ಇರಲಿ ಅನ್ನುವವರು ಆ ಸ್ಥಾನವನ್ನು ಕೈಯಾರೆ ಬಿಟ್ಟುಕೊಡುತ್ತಿದ್ದಾರೆ. ಗಡಿಯಾಚೆಯವರು ಬಂದು ಗೀಟು ಹೊಡೆದಿದ್ದರೆ ನೀವೇ ಅರ್ಧ ತಾಸಿನಲ್ಲಿ ಮೆರವಣಿಗೆ ತೆಗೆಯುತ್ತಿದ್ದಿರಿ!

ಹೊಸ ಕರಪತ್ರ ಇನ್ನೂ ಅಚ್ಚಾಗಿಲ್ಲ. ಹಳೆಯ ಪ್ಲೇಟು ಒರೆಸಿ ಗೋಡೆಗೆ ಒರಗಿಸಿಟ್ಟಿದ್ದೇನೆ, ಅದರಲ್ಲಿ ‘ಲೂಸಿಯಾ’ ಇದ್ದಲ್ಲೇ ಇದೆ. ನಾಡಿದ್ದು ಸಂಜೆ ಮೂರೂ ಊರಿನವರು ಬನ್ನಿ, ಇಲ್ಲೇ ಕೂತು ತೀರ್ಮಾನ ಮಾಡಿ. ಹಳೆಯ ಪ್ಲೇಟೇ ಓಡಿಸು ಅಂದರೆ ಮಸಿ ನನ್ನದು, ಕೂಲಿ ಬೇಡ. ಕಾಗದದ ರೊಕ್ಕ ಮಾತ್ರ ಕೊಟ್ಟು ಒಯ್ಯಿರಿ.