ತುಂಡು ಕೂಡಿಸುವ ಆಟ

ಈ ಸಲ ಒಂದು ಆಟದ ವಿಷಯ ಬರೆಯುತ್ತೇನೆ. ಆಟವೆಂದರೆ ಓಡುವ, ಜಿಗಿಯುವ ಆಟವಲ್ಲ. ಚಾಪೆಯ ಮೇಲೆ ಕುಳಿತು, ಕತ್ತು ನೋಯುವವರೆಗೆ ಬಗ್ಗಿ, ಚೂರುಚೂರಾದ ಚಿತ್ರವನ್ನು ಮತ್ತೆ ಇಡಿಯ ಚಿತ್ರವಾಗಿ ಮಾಡುವ ಆಟ. ಅಂಗಡಿಯವರು ಇದನ್ನು ಜಿಗ್‌ಸಾ ಪಝಲ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಇಟ್ಟ ಹೆಸರು ‘ತುಂಡು ಕೂಡಿಸೂ ಆಟ’. ನನಗೂ ಅದೇ ಸರಿಯೆನಿಸಿ ತಲೆಬರಹಕ್ಕೆ ಎತ್ತಿಕೊಂಡಿದ್ದೇನೆ. ದೊಡ್ಡವರಿಗೆ ಇದೇನು ಹುಡುಗಾಟ ಎಂದು ಕೇಳುವ ವಾಚಕರು ಕೊಂಚ ತಾಳಬೇಕು. ಈ ಆಟ ಹುಟ್ಟಿದ್ದೇ ಪಾಠಕ್ಕಾಗಿ.

1760ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ಕೊರೆಯುವ ಕಸಬುದಾರನಿದ್ದನು. ಅವನು ನಕಾಶೆಯನ್ನು ತೆಳುವಾದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಗೆರೆ ಹಿಡಿದು ಗರಗಸದಿಂದ ಕೊಯ್ದು, ತುಂಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದನು. ಹುಡುಗರು ಅವನ್ನು ಕೂಡಿಸುತ್ತ ಕೂಡಿಸುತ್ತ ಭೂಗೋಳ ಕಲಿಯಬೇಕೆಂಬುದು ಉದ್ದೇಶ. ಮೂರನೆಯ ಜಾರ್ಜ್ ದೊರೆಯ ಮಕ್ಕಳು ಕೂಡ ಇಂಥ ಕೊಯ್ದ ನಕಾಶೆಗಳಿಂದ ಪಾಠ ಕಲಿತವರೇ. ಕೈಯಿಂದ ಕೊಯ್ದ ಮರದ ಸಾಮಾನಾದ್ದರಿಂದ ಬೆಲೆ ಹೆಚ್ಚು. ಉಳ್ಳವರ ಮನೆಗೇ ಸಲ್ಲುತ್ತಿತ್ತು. ಮೇಲಾಗಿ, ಆಗಿನ ತುಂಡುಗಳು ಬಹುಮಟ್ಟಿಗೆ ಒಂದನ್ನೊಂದು ಕಚ್ಚಿಕೊಳ್ಳುತ್ತಿರಲಿಲ್ಲ. ಪಕ್ಕಪಕ್ಕಕ್ಕೆ ಸುಮ್ಮನೆ ಮಲಗಿರುತ್ತಿದ್ದವು. ಯಾರಾದರೂ ಜೋರಾಗಿ ಸೀನಿದರೆ ಯುರೋಪು ಖಂಡವೇ ಚೆಲ್ಲಾಪಿಲ್ಲಿ!

ಮುಂದೆ ಮರದ ಜಾಗಕ್ಕೆ ರಟ್ಟು ಬಂತು, ಗರಗಸದ ಜಾಗಕ್ಕೆ ಯಂತ್ರ ಬಂತು, ಬೆಲೆ ಇಳಿಯಿತು. 1930ರ ದಶಕದ ಆರಂಭದಲ್ಲಿ ಅಮೇರಿಕದಲ್ಲಿ ವ್ಯಾಪಾರ ಕುಸಿದು ಲಕ್ಷಾಂತರ ಜನ ಕೆಲಸ ಕಳೆದುಕೊಂಡಾಗ ಈ ಆಟಕ್ಕೆ ಎಂದೂ ಇಲ್ಲದ ಗಿರಾಕಿ ಹುಟ್ಟಿತು. ಕೊಳ್ಳಲಾರದವರು ಅಂಗಡಿಗಳಿಂದ ಬಾಡಿಗೆಗೂ ಪುಸ್ತಕ ಭಂಡಾರಗಳಿಂದ ಎರವಲಿಗೂ ತರುತ್ತಿದ್ದರು. ಕಿಸೆಯಲ್ಲಿ ಕಾಸಿಲ್ಲದ ಸಂಸಾರಕ್ಕೆ ಒಂದು ಡಬ್ಬದಿಂದ ಎಷ್ಟೋ ಸಂಜೆಗಳು ಸಾಗಿದುವು.

ನಮ್ಮ ಮನೆಯಲ್ಲಿ ಇದು ಶನಿವಾರ ರಾತ್ರಿ, ಊಟವಾದ ಮೇಲೆ. ಕ್ರಮ ಹೀಗಿದೆ: ಮೊದಲು ನೇರ ಅಂಚಿರುವ ತುಂಡುಗಳನ್ನೆಲ್ಲ ಬೇರೆ ಮಾಡಬೇಕು, ಅದು ಆರು ವರ್ಷದ ಮಗನ ಕೆಲಸ. ಮೂಲೆಗಳು ನಾಲ್ಕೇ ಆದ್ದರಿಂದ ಅವು ಸಿಕ್ಕೊಡನೆ ಚೌಕಟ್ಟು ನಿಲ್ಲುತ್ತದೆ. ಆಮೇಲೆ ಬಣ್ಣದ ಪ್ರಕಾರ ಗುಡ್ಡೆ ಹಾಕುವುದು. ಅದು ಹತ್ತು ವರ್ಷದ ಮಗಳದು. ಆಕಾಶವೊಂದು ಮಾತ್ರ ಯಾರಿಗೂ ಬೇಡ. ಎಲ್ಲ ತುಂಡೂ ಒಂದೇ ನೀಲಿ. ಅಲ್ಲಿ ಬಣ್ಣವನ್ನು ಬಿಟ್ಟು ಆಕಾರವನ್ನೇ ನೋಡಬೇಕು. ಆ ತಾಳ್ಮೆಯ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂದಿದೆ. ನಾನು ಮೇಲ್ವಿಚಾರಕ, ಕಚೇರಿಯಲ್ಲಿ ಸಿಗದ ಪದವಿ ಚಾಪೆಯ ಮೇಲಾದರೂ ಸಿಗಲಿ. ಕೊನೆಯ ತುಂಡಿನ ಮಾನ ತನಗೇ ಸಲ್ಲಬೇಕೆಂದು ಮಗ ಒಂದನ್ನು ಮೊದಲೇ ತೊಡೆಯ ಕೆಳಗೆ ಬಚ್ಚಿಡುವುದುಂಟು. ಎಲ್ಲರಿಗೂ ಗೊತ್ತಿದ್ದರೂ ಎಲ್ಲರೂ ಹುಡುಕುತ್ತೇವೆ.

ಇಷ್ಟೇ ಆಗಿದ್ದರೆ ಬರೆಯುವ ಕಾರಣವಿರಲಿಲ್ಲ. ಕಾರಣ ನನ್ನ ಅಜ್ಜಿ. ಎಂಬತ್ತು ದಾಟಿದ ಜೀವ, ಹುಟ್ಟೂರು ಧಾರವಾಡದ ಕಡೆ. ಮಕ್ಕಳು ಪುಣೆಯಲ್ಲಿ ಹುಟ್ಟಿದವರು. ಸಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ಹೀಗಾಗಿ ಮರಿಮಗಳಿಗೂ ಅಜ್ಜಿಗೂ ನಡುವೆ ಮಾತು ‘ಊಟ ಆತೇನವ್ವಾ?’ ‘ಆತು’ ಎಂಬಷ್ಟಕ್ಕೆ ಬಂದು ನಿಂತಿತ್ತು. ಕನ್ನಡ ಕಲಿಸೋಣವೆಂದು ಪಾಟಿ ಹಿಡಿದು ಕೂತರೆ ಹುಡುಗಿಗೆ ಆಗಲೇ ನಿದ್ದೆ. ಜಗಳವಿಲ್ಲ, ಕೋಪವಿಲ್ಲ, ಆದರೆ ಒಂದೇ ಸೂರಿನ ಕೆಳಗಿನ ಇಬ್ಬರು ಹೀಗೆ ದಿನದಿಂದ ದಿನಕ್ಕೆ ದೂರವಾಗುವುದನ್ನು ನೋಡುವುದು ಸುಖದ ಮಾತಲ್ಲ.

ಒಂದು ಶನಿವಾರ ಭಾರತದ ನಕಾಶೆ ಕೂಡಿಸುವುದಿತ್ತು. ಮರದ್ದು, ರಾಜ್ಯಕ್ಕೊಂದು ತುಂಡು. ಮಗಳು ಕರ್ನಾಟಕದ ತುಂಡನ್ನು ಎತ್ತಿ, “ಅಜ್ಜೀ, ಇದು ನಿನ್ನದು” ಎಂದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, “ನಾ ಸಾಲಿಗೆ ಹೋಗೂ ಮುಂದ ಇಂಥಾ ತುಂಡs ಇದ್ದಿದ್ದಿಲ್ಲವ್ವಾ. ಪುಣೆ ಯಾವುದರಾಗ ಇತ್ತೋ ನಮ್ಮ ಧಾರವಾಡನೂ ಅದರಾಗs ಇತ್ತು” ಎಂದಳು. ಹುಡುಗಿ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. “ಮತ್ತೆ ಇದನ್ನು ಯಾರು ಕೂಡಿಸಿದರು?” ಎಂದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಆ ಒಂದು ತುಂಡು ಎಷ್ಟೋ ಚೂರುಗಳಿಂದಾದದ್ದು. ಬಳ್ಳಾರಿ ಮದರಾಸಿನಿಂದ ಬಿಡಿಸಿಕೊಂಡು 1953ರ ಅಕ್ಟೋಬರ್ 1ರಂದೇ ಮೈಸೂರನ್ನು ಸೇರಿತ್ತು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಗುಲಬರ್ಗಾ, ರಾಯಚೂರು, ಬೀದರ. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ತಾಲೂಕು. ಜೊತೆಗೆ ಕೊಡಗು, ಇವೆಲ್ಲ ಹಳೆಯ ಮೈಸೂರಿಗೆ ಕೂಡಿದುವು. ಕಾಸರಗೋಡು ಕೇರಳದ ಪಾಲಾಯಿತು. ಚಿತ್ರ ಕೂಡಿದ ಮೇಲೂ ಡಬ್ಬದ ಮೇಲಿನ ಹೆಸರು ‘ಮೈಸೂರು’ ಎಂದೇ ಉಳಿದಿತ್ತು. ಅದು ‘ಕರ್ನಾಟಕ’ವಾದದ್ದು 1973ರ ನವೆಂಬರ್ 1ರಂದು.

ಈ ತುಂಡುಗಳು ಕೂಡಬೇಕೆಂದು ಬಾಳೆಲ್ಲ ದುಡಿದವರಲ್ಲಿ ಹಿರಿಯರಾದ ಆಲೂರ ವೆಂಕಟರಾಯರು ಓದಿದ್ದು ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರೂ ಅಲ್ಲಿಯೇ ಓದಿದವರು. ಆಗ ಧಾರವಾಡದ ಹುಡುಗನಿಗೆ ಪುಣೆ ಪರರಾಜ್ಯವಲ್ಲ, ತನ್ನದೇ ಪ್ರಾಂತ. ಆಲೂರರು ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ‘ಕರ್ನಾಟಕ ಗತವೈಭವ’ವನ್ನು ಬರೆದು ಕನ್ನಡಿಗರನ್ನು ಎಬ್ಬಿಸಿದರು. ಒಂದನ್ನು ಮಾಡಲು ಇನ್ನೊಂದನ್ನು ಬಿಡಬೇಕಾಗಲಿಲ್ಲ. ಏಕೀಕರಣವನ್ನು ಕಣ್ಣಾರೆ ಕಂಡ ಅವರು 1964ರಲ್ಲಿ ತೀರಿಕೊಂಡರು. ಹೆಸರು ಬದಲಾದುದನ್ನು ಕಾಣಲಿಲ್ಲ.

ಅಂದಿನಿಂದ ಚಾಪೆಯ ಮೇಲೆ ಅಜ್ಜಿಗೊಂದು ಕಾಯಂ ಜಾಗವಾಯಿತು. ಹುಡುಗಿ ಕೇಳುವುದು, ಅಜ್ಜಿ ಹೇಳುವುದು. ಅಂಚು, ಮೊನೆ, ಓರೆ, ಡೊಂಕು, ಸಡಿಲು, ಬಿಗಿ, ‘ಹಂಗಲ್ಲ, ಬೋರಲು ಹಾಕು’ – ಈ ಶಬ್ದಗಳನ್ನು ಯಾವ ಪಾಟಿಯೂ ಕಲಿಸಿರಲಿಲ್ಲ. ಕೈ ಕೆಲಸದಲ್ಲಿದ್ದಾಗ ನಾಲಗೆಗೆ ನಾಚಿಕೆ ಇರುವುದಿಲ್ಲವೆಂದು ತೋರುತ್ತದೆ. ತಪ್ಪು ಕನ್ನಡ ಬಂದರೆ ಯಾರೂ ನಗುವುದಿಲ್ಲ. ಎಲ್ಲರ ಕಣ್ಣೂ ತುಂಡಿನ ಮೇಲೆ.

ನಮ್ಮ ನಕಾಶೆ ಹಳೆಯದು. 1956ರ ಅದೇ ದಿನ ಆಂಧ್ರವನ್ನು ಕೂಡಿದ ತೆಲಂಗಾಣ 2014ರ ಜೂನ್ 2ರಂದು ಬೇರೆ ರಾಜ್ಯವಾಯಿತು. 2019ರ ಅಕ್ಟೋಬರ್ 31ರಂದು ಲಡಾಖ ಬೇರೆಯಾಯಿತು. ನಮ್ಮ ಹಲಗೆಯಲ್ಲಿ ಎರಡೂ ಹಳೆಯಂತೆಯೇ ಇದ್ದುವು. ಹೊಸದು ತರೋಣವೆಂದೆ. ಅಜ್ಜಿ, “ಹೊಸಾದು ಯಾಕ? ಕೊಯ್ದರಾತು. ಖರೇ ನಕಾಶೆಯನ್ನೂ ಹಿಂಗs ಕೊಯ್ದಾರಲ್ಲ?” ಎಂದಳು. ಬಡಗಿಯ ಹತ್ತಿರ ಒಯ್ದು ಸಣ್ಣ ಗರಗಸದಿಂದ ಕೊಯಿಸಿದೆವು. ಮನೆಗೆ ತಂದು ಕೂಡಿಸಿದರೆ ಹೈದರಾಬಾದಿನ ಬಳಿ ಸಡಿಲು! ಗರಗಸದ ಹಲ್ಲು ತಿಂದಷ್ಟು ಮರ ಪುಡಿಯಾಗಿ ಉದುರಿತ್ತು. ಎಂಥ ಹದವಾದ ಗರಗಸವಾದರೂ ಗೆರೆಯಷ್ಟು ಮರವನ್ನು ತಿನ್ನದೆ ಬಿಡದು ಎಂದು ಬಡಗಿ ಮೊದಲೇ ಹೇಳಿದ್ದನು. ಗಡಿಯ ಗೆರೆಯ ಮೇಲೆ ಮನೆ ಇದ್ದವರಿಗೆ – ಅಕ್ಕಲಕೋಟೆ, ಜತ್ತ, ಕಾಸರಗೋಡಿನ ಕನ್ನಡಿಗರಿಗೆ – ಈ ಮಾತನ್ನು ವಿವರಿಸಬೇಕಾಗಿಲ್ಲ.

ಆಗ ಮಗ ಕೇಳಿದನು: “ಅಜ್ಜೀ, ನಾವು ಯಾವ ತುಂಡು?” ನಾನು ಉತ್ತರಕ್ಕಾಗಿ ತಡವರಿಸುತ್ತಿದ್ದೆ. ಅಜ್ಜಿ ಮಹಾರಾಷ್ಟ್ರ, ಕರ್ನಾಟಕ ಎರಡನ್ನೂ ಎತ್ತಿ ಅಂಚಿಗೆ ಅಂಚು ಹಚ್ಚಿ ತೋರಿಸಿದಳು. “ನೀ ಕೂತಿದ್ದು ಈ ತುಂಡಿನ್ಯಾಗ. ನಿನ್ನ ಬಾಯಾಗಿನ ಮಾತು ಬಾಜೂ ತುಂಡಿಂದು. ಎರಡೂ ಹೆಂಗ ಕೂಡತಾವ ನೋಡು. ಒಂದs ಗರಗಸ ಕೊಯ್ದದ್ದು.” ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಹೊಳೆದಿಲ್ಲ.

ವಾಚಕರು ತಮ್ಮ ಮನೆಯಲ್ಲಿ ಇದನ್ನು ನಡೆಸಬೇಕೆಂದರೆ ಹಣ ಬೇಕಾಗಿಲ್ಲ. ಕರ್ನಾಟಕದ ಜಿಲ್ಲೆಗಳ ನಕಾಶೆಯೊಂದನ್ನು ದಪ್ಪ ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಿ, ಸುಕ್ಕು ತೆಗೆದು, ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿರಿ. ಚೆನ್ನಾಗಿ ಒಣಗಿದ ಮೇಲೆ ಗಡಿಯ ಗೆರೆ ಹಿಡಿದು ಕತ್ತರಿಸಿರಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಜಿಲ್ಲೆಗಳು 31. ಒಂದು ಸಂಜೆಗೆ ಹದವಾದ ಲೆಕ್ಕ. ಹಳೆಯ ಮೈಸೂರಿಗೊಂದು, ಮುಂಬಯಿಗೊಂದು, ಹೈದರಾಬಾದಿಗೊಂದು, ಮದರಾಸಿಗೊಂದು, ಕೊಡಗಿಗೊಂದು ಹೀಗೆ ಐದು ಬಣ್ಣ ಬಳಿದರೆ, ಯಾವ ತುಂಡು ಎಲ್ಲಿಂದ ಬಂತೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಮನೆಯ ಹಿರಿಯರ ಊರು ಯಾವ ಬಣ್ಣದಲ್ಲಿದೆ ಎಂದು ಅವರ ಬಾಯಿಂದಲೇ ಕೇಳಿಸಿರಿ. ಆದರೆ ಅದನ್ನು ಬೇಗ ಮಾಡಿರಿ. 1956ನ್ನು ಕಣ್ಣಾರೆ ಕಂಡವರು ಈಗ ಮನೆಗೊಬ್ಬರೂ ಉಳಿದಿಲ್ಲ.

ರಟ್ಟು ಸಿಗದಿದ್ದರೆ ಹಳೆಯ ಫೈಲಿನ ಹೊದಿಕೆ ಸಾಕು. ಸರಕಾರಿ ಫೈಲನ್ನು ಮಾತ್ರ ಕೇಳಬೇಡಿರಿ. ಅವುಗಳಲ್ಲಿಯೂ ಕೂಡಿಸಬೇಕಾದ ತುಂಡುಗಳು ಇನ್ನೂ ಬಹಳ ಇವೆ.