ಅಜ್ಜಿಯ ಹಾಡಷ್ಟೇ ಸಾಕೆ?

ಮನೆಯಲ್ಲಿ ಹಿರಿಯರಿದ್ದಾರಾ? ಅವರ ಫೋಟೋಗಳು ಬೇಕಾದಷ್ಟಿರುತ್ತವೆ. ಅವರ ಮಾತು ಎಷ್ಟು ಉಳಿಸಿಕೊಂಡಿದ್ದೀರಿ, ಒಮ್ಮೆ ಯೋಚಿಸಿ ನೋಡಿ.

ಕಳೆದ ದಸರಾ ರಜೆಗೆ ಕೆ.ಆರ್. ಪೇಟೆ ಹತ್ತಿರದ ನಮ್ಮೂರಿಗೆ ಹೋಗಿದ್ದೆವು. ನಮ್ಮ ಭಾವನವರ ಮಗ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಅಜ್ಜಿಯ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಹಿಡಿಯಬೇಕೆಂದು ಕೂತ. ಎರಡು ಪದ ಹಾಡಿ ನಮ್ಮತ್ತೆ ಸುಮ್ಮನಾದರು. ಅವನು 'ಇನ್ನೊಂದು ಹಾಡಿ' ಅನ್ನಲಿಲ್ಲ. 'ಇದನ್ನ ಯಾರಜ್ಜಿ ಕಲಿಸಿದ್ದು?' ಅಂದ.

ಅಲ್ಲಿಂದ ಶುರುವಾಯ್ತು ನೋಡಿ! ಕನ್ನಂಬಾಡಿ ಕಟ್ಟೆಯ ನೀರಿಗೆ ಊರು ಬಿಟ್ಟು ಬಂದ ಅವರಮ್ಮ, ರಾಗಿ ಬೀಸುತ್ತಾ ಕಲಿತ ಪದ, ನಾಲ್ಕನೇ ಕ್ಲಾಸಿಗೇ ಬಿಡಿಸಿದ ಸ್ಕೂಲು... ಹನ್ನೆರಡು ವರ್ಷದಿಂದ ಸೊಸೆಯಾಗಿರುವ ನಾನು ಇದ್ಯಾವುದನ್ನೂ ಕೇಳಿರಲಿಲ್ಲ. ಕೇಳಿದ್ದೆಲ್ಲಾ ಬರೀ 'ಅತ್ತೆ, ಮಾತ್ರೆ ತಗೊಂಡ್ರಾ?' ತೀರಿಹೋದ ಮೊದಲ ಮಗುವಿನ ಮಾತು ಬಂದಾಗ ಅತ್ತೆ, 'ಇದ ತೆಗೀಬ್ಯಾಡ ಕಣ್ಮಗ' ಎಂದರು. ಹುಡುಗ ಮೊಬೈಲ್ ಆಫ್ ಮಾಡಿ ಅವರ ಪಕ್ಕದಲ್ಲಿ ಕೂತ.

ಪಕ್ಕದ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದೂ ಹಳ್ಳಿಗರ ಹಾಡು, ಕತೆಗಳನ್ನು ಕೂಡಿಟ್ಟವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಹಾಡು, ಕುಣಿತಗಳ ದಾಖಲೆ ಅಲ್ಲಿದೆ. ಆದರೆ ನಿಮ್ಮತ್ತೆಯ, ನಿಮ್ಮಮ್ಮನ ಬದುಕು? ಅದನ್ನು ದಾಖಲಿಸಲು ಹೊರಗಿನವರು ಬರುವುದಿಲ್ಲ. ಶ್ರೀರಂಗಪಟ್ಟಣವಿರಲಿ, ಪಾಂಡವಪುರವಿರಲಿ, ಅದು ಮನೆಯವರೇ ಮಾಡಬೇಕಾದ ಕೆಲಸ.

ಕಷ್ಟವೇನಿಲ್ಲ. ಬೆಳಗಿನ ಹೊತ್ತು ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ. ಫ್ಯಾನು, ಟೀವಿ ಆರಿಸಿ. ಮೊಬೈಲನ್ನು ಅಲುಗಾಡದಂತೆ ಡಬ್ಬಕ್ಕೆ ಒರಗಿಸಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. 'ನಿಮ್ಮ ಜೀವನದ ಕತೆ ಹೇಳಿ' ಅಂದರೆ 'ನಂದೇನಿದೆ ಬಿಡು' ಅಂತಾರೆ. ಹಾಡು, ಅಡುಗೆ, ಮದುವೆ ಸೀರೆ, ಹೀಗೆ ಒಂದನ್ನು ಹಿಡಿದು ಕೇಳಿ. ನಡುವೆ ಬಾಯಿ ಹಾಕಬೇಡಿ. ಬೇಡ ಅಂದದ್ದನ್ನು ತೆಗೆಯಬೇಡಿ, ಕೇಳದೆ ವಾಟ್ಸ್‌ಆಪ್ ಗ್ರೂಪಿಗೆ ಹಾಕಲೇಬೇಡಿ. ಎರಡು ಕಡೆ ಕಾಪಿ ಇಡಿ.

ಇವತ್ತು ಸಂಜೆ ಕಾಫಿ ಲೋಟ ಕೈಗಿಟ್ಟು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ಮೊಬೈಲ್ ನಾಳೆಗಿರಲಿ. ಏನಂತೀರಿ?