ಮೇಷ್ಟರ ಮಾತೂ ಮುಂದಿನ ಬ್ರೇಕೂ



ಕಳೆದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ನನ್ನ ತಂಗಿಯ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. ಇಪ್ಪತ್ತೈದರ ಹುಡುಗಿ, ಕಂಪನಿಯೊಂದರಲ್ಲಿ ಕೆಲಸ, ಸ್ವಂತ ದುಡಿಮೆಯಲ್ಲಿ ಮೋಟಾರ್ ಸೈಕಲ್ ಕೊಂಡಿದ್ದಾಳೆ. "ತಾತ, ಗಾಡಿ ಓಡಿಸೋದನ್ನ ಸರಿಯಾಗಿ ಕಲೀಬೇಕು ಅಂತಿದ್ದೀನಿ. ಫೋನಿನಲ್ಲಿ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ದುಡ್ಡು ತಗೊಂಡು ಕಲಿಸೋರೂ ಇದ್ದಾರೆ. ಯಾರ ಮಾತು ನಂಬಲಿ?"

ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಗೆ ಉತ್ತರ ಕೂಡಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಕೆಂದರೆ ಪಕ್ಕದ ಕೋಣೆಯಲ್ಲಿ ಅವಳ ತಂದೆ, ಎಂದರೆ ನನ್ನ ಸೋದರಳಿಯ, ಕುಂಟುತ್ತ ಓಡಾಡುವ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಆ ಕುಂಟಿಗೂ ನಾನು ಹಿಂದೆ ಕೊಟ್ಟ ಒಂದು ಸಲಹೆಗೂ ಸಂಬಂಧವಿದೆ. ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದೆ. "ಬರೀರಿ ಮಾವ, ನಾಲ್ಕು ಜನಕ್ಕೆ ಉಪಯೋಗವಾಗಲಿ" ಎಂದ.

1979ರಲ್ಲಿ ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನದ ಸಹಶಿಕ್ಷಕನಾಗಿ ಸೇರಿದೆ. ಬಸ್ಸು ದಿನಕ್ಕೆ ಎರಡೇ ಬಾರಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಯೆಜ್ಡಿಯೊಂದನ್ನು ಕೊಂಡೆ. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ, ಕಿಕ್ ಹೊಡೆಯುವ ಸರಳೇ ಗೇರ್ ಬದಲಿಸುವ ಸರಳೂ ಆಗಿದ್ದ ಆ ಗಾಡಿಯನ್ನು ನಿಮ್ಮಲ್ಲಿ ಹಲವರು ಶಾಲೆಯ ಹೊಂಗೆಮರದ ಕೆಳಗೆ ಕಂಡಿದ್ದೀರಿ. ಅದನ್ನು ಓಡಿಸಲು ಕಲಿಸಿದವರು ಆ ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರ ಮೊದಲ ಪಾಠ ಹೀಗಿತ್ತು: "ಮೇಷ್ಟ್ರೇ, ಕೈಬ್ರೇಕ್ ಮುಟ್ಟಲೇಬೇಡಿ. ಮುಂದಿನ ಚಕ್ರ ಹಿಡಿದರೆ ಪಲ್ಟಿ ಹೊಡೀತೀರಿ. ಏನಿದ್ದರೂ ಕಾಲ್ಬ್ರೇಕ್."

ನಾನು ನಂಬಿದೆ. ಹದಿನೈದು ವರ್ಷ ಅದರಂತೆಯೇ ನಡೆದೆ. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದನ್ನೇ ಆ ಮಾತಿಗೆ ಸಾಕ್ಷಿಯೆಂದು ತಿಳಿದು, ಕಲಿಯಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಸೋದರಳಿಯನಿಗೂ ಹೇಳಿದೆ.

1994ರ ಜುಲೈ. ಅವನಿಗೆ ಆಗ ಇಪ್ಪತ್ತಮೂರು. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂದು ದಿನವೂ ಬೆಳಗಿನ ಜಾವ ಎದ್ದು ಓಡುತ್ತಿದ್ದ. ಜಿಟಿಜಿಟಿ ಮಳೆಯಲ್ಲಿ ನನ್ನ ಯೆಜ್ಡಿಯಲ್ಲಿ ಅರಸೀಕೆರೆ ಕಡೆಯಿಂದ ಬರುತ್ತಿದ್ದಾಗ ಮುಂದಿದ್ದ ಲಾರಿ ಫಕ್ಕನೆ ನಿಂತಿತು. ಕಾಲ್ಬ್ರೇಕನ್ನು ಬಲವಾಗಿ ಒತ್ತಿದ. ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗಿತು. ಬಿದ್ದು ಜಾರಿ ಲಾರಿಯ ಚಕ್ರಕ್ಕೆ ಬಡಿದ. ಬಲತೊಡೆಯ ಮೂಳೆ ಎರಡು ಕಡೆ ಮುರಿಯಿತು. ಕೂಡಿಕೊಂಡ ಮೇಲೂ ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿಯೇ ಉಳಿಯಿತು. ಪೊಲೀಸ್ ಕೆಲಸದ ಮಾತು ಅಲ್ಲಿಗೆ ನಿಂತು, ದಿನಸಿ ಅಂಗಡಿಯ ಬದುಕು ಆರಂಭವಾಯಿತು.

ಆಸ್ಪತ್ರೆಯಲ್ಲಿ ಅವನು ಹೇಳಿದ ಮೊದಲ ಮಾತು: "ಮಾವ, ನೀವು ಹೇಳಿದ ಹಾಗೇ ಮಾಡಿದೆ. ಕೈಬ್ರೇಕ್ ಮುಟ್ಟಲಿಲ್ಲ." ಅದು ದೂರಾಗಿರಲಿಲ್ಲ, ಸಮಾಧಾನವಾಗಿತ್ತು. ತಪ್ಪು ತನ್ನದಲ್ಲ ಎಂದು ನನಗೆ ತಿಳಿಸುವ ವಿಧೇಯ ಶಿಷ್ಯನ ಮಾತು. ಬೈದಿದ್ದರೆ ಇಷ್ಟು ವರ್ಷ ಅದು ನನ್ನನ್ನು ಕಾಡುತ್ತಿರಲಿಲ್ಲವೇನೋ.

ನಾಚಿಕೆಯ ಸಂಗತಿಯೆಂದರೆ, ನಾನು ವಿಜ್ಞಾನದ ಮೇಷ್ಟರು. ಜಡತ್ವದ ಪಾಠ ಮಾಡುವಾಗ, ಬಸ್ಸು ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಏಕೆ ವಾಲುತ್ತಾರೆ ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದೆ. ಮೋಟಾರ್ ಸೈಕಲ್ಲಿಗೂ ಅದೇ ನಿಯಮ. ಬ್ರೇಕ್ ಹಾಕಿದೊಡನೆ ಭಾರವು ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಭಾರ ಹೆಚ್ಚಿದ ಚಕ್ರಕ್ಕೆ ರಸ್ತೆಯ ಹಿಡಿತ ಹೆಚ್ಚು; ಹಗುರಾದದ್ದು ಸುಲಭವಾಗಿ ಜಾರುತ್ತದೆ. ಅಂದಮೇಲೆ ಗಾಡಿಯನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದು ಮುಂದಿನ ಬ್ರೇಕಿನಲ್ಲೇ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಣಗಿದ ಡಾಂಬರು ರಸ್ತೆಯಲ್ಲಿ ಎರಡೂ ಬ್ರೇಕುಗಳನ್ನು ಚೆನ್ನಾಗಿ ಬಳಸಬಲ್ಲವನು ಬ್ರೇಕ್ ಹಿಡಿದ ಮೇಲೆ 20 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದು. ಹಿಂದಿನದೊಂದನ್ನೇ ನಂಬಿದವನಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ ಬೇಕು. ಮಳೆಯಲ್ಲಿ ಇವೆರಡೂ ಇನ್ನಷ್ಟು ಹೆಚ್ಚುತ್ತವೆ. ಎರಡೂ ಬ್ರೇಕು ಹಿಡಿದಿದ್ದರೆ ನನ್ನ ಸೋದರಳಿಯ ಖಂಡಿತ ಪಾರಾಗುತ್ತಿದ್ದ ಎಂದು ನಾನು ಹೇಳಲಾರೆ. ಆದರೆ ಪಾರಾಗುವ ದಾರಿಯೊಂದನ್ನು ನನ್ನ ಮಾತು ಮೊದಲೇ ಮುಚ್ಚಿಬಿಟ್ಟಿತ್ತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದು ನಿವೃತ್ತಿಯ ನಂತರ ಓದಿದಾಗ ತಿಳಿಯಿತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಸುತ್ತಮುತ್ತ 900ರಷ್ಟು ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಸಂಕಟದ ಗಳಿಗೆಯಲ್ಲಿ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರುತ್ತಾರೆ, ಮುಂದಿನದನ್ನು ಸಾಕಷ್ಟು ಬಳಸುವುದಿಲ್ಲ ಎಂದು ಅದರಲ್ಲಿದೆ. ಅಪಘಾತಕ್ಕೀಡಾದ ಸವಾರರಲ್ಲಿ ಶೇ. 92ರಷ್ಟು ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು ಎಂದೂ ಇದೆ. ಎಂದರೆ ನನ್ನಂಥ ಮಾವಂದಿರ ಶಿಷ್ಯರು!

ಹಾಗೆಂದು ಹಣ ಕೊಟ್ಟು ಕಲಿತರೆ ಕ್ಷೇಮ ಎಂದೂ ಹೇಳುವಂತಿಲ್ಲ. ಸವಾರರ ತರಬೇತಿಯ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2010ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ಒಟ್ಟಿಗೆ ಪರೀಕ್ಷಿಸಿತು. ತರಬೇತಿಯಿಂದ ಅಪಘಾತ ತಗ್ಗುತ್ತದೆಂದು ಖಚಿತವಾಗಿ ಹೇಳಲು ಇರುವ ಪುರಾವೆ ಸಾಲದು ಎಂಬುದೇ ಅದರ ತೀರ್ಮಾನ. ಆದ್ದರಿಂದ ತರಬೇತಿ ಎಂಬ ಹೆಸರನ್ನು ನಂಬದೆ, ಕಲಿಸುವವರನ್ನೂ ಕಲಿಸುವ ವಿಷಯವನ್ನೂ ನಾವೇ ತೂಗಿ ನೋಡಬೇಕಾಗುತ್ತದೆ. ಹೇಗೆ ತೂಗುವುದು? ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಕಾರಣ ಕೇಳಿ. ಕಲಿಸುವವರು ಸಿಟ್ಟಾಗದೆ ಕಾರಣ ಹೇಳಬೇಕು. ಆ ಕಾರಣ ನಾವು ಶಾಲೆಯಲ್ಲಿ ಕಲಿತದ್ದಕ್ಕೆ ಹೊಂದಬೇಕು. "ಡಿಕ್ಕಿ ತಪ್ಪದು ಅನ್ನಿಸಿದಾಗ ಗಾಡಿಯನ್ನು ಮಲಗಿಸಿಬಿಡಿ" ಎಂದು ಕೆಲವು ಸವಾರರು ಹೆಮ್ಮೆಯಿಂದ ಹೇಳುವುದುಂಟು. ಡಾಂಬರಿನ ಮೇಲೆ ರಬ್ಬರಿನ ಟೈರಿಗೆ ಹಿಡಿತ ಹೆಚ್ಚೋ, ಜಾರುವ ಕಬ್ಬಿಣಕ್ಕೋ? ಎಂಟನೆಯ ತರಗತಿಯ ಹುಡುಗ ಉತ್ತರಿಸಬಲ್ಲ. ಮಲಗಿಸಿದ ಗಾಡಿ ಬ್ರೇಕನ್ನೇ ಕಳೆದುಕೊಂಡ ಗಾಡಿ.

ಎರಡನೆಯದು, ಆ ಮಾತು ಯಾವ ರಸ್ತೆಗೆ, ಯಾವ ಗಾಡಿಗೆ ಹೇಳಿದ್ದು ಎಂದು ಕೇಳಿ. ನನ್ನ ಗುರುಗಳಾದ ಆ ಮೆಕ್ಯಾನಿಕ್ ಸುಳ್ಳು ಹೇಳಿದವರಲ್ಲ. ಅವರು ಗಾಡಿ ಓಡಿಸಿದ್ದು ಮಣ್ಣು, ಜಲ್ಲಿಯ ದಾರಿಗಳಲ್ಲಿ. ಅಲ್ಲಿ, ಅದರಲ್ಲೂ ತಿರುವಿನಲ್ಲಿ, ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಬೀಳುವುದು ದಿಟ. ಅವರ ಮಾತು ಆ ದಾರಿಯಲ್ಲಿ ಹುಟ್ಟಿದ್ದು. ಅದನ್ನು ಎಲ್ಲ ದಾರಿಗೂ ನಿಯಮ ಮಾಡಿದ್ದು ಅವರ ತಪ್ಪು, ಪ್ರಶ್ನಿಸದೆ ದಾಟಿಸಿದ್ದು ನನ್ನ ತಪ್ಪು. ಗಾಡಿಗಳೂ ಬದಲಾಗಿವೆ. 2019ರ ಏಪ್ರಿಲ್ ಒಂದರಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಹೊಸ ದ್ವಿಚಕ್ರ ವಾಹನಗಳಿಗೆ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು. ಯೆಜ್ಡಿಯ ಕಾಲದ ಬುದ್ಧಿಮಾತನ್ನು ಈ ಗಾಡಿಗೆ ಹೇಳುವ ಮುನ್ನ ಯೋಚಿಸಬೇಕು. ಹಾಗೆಯೇ, ಈ ಗಾಡಿಯ ಪಾಠವನ್ನು ಎ.ಬಿ.ಎಸ್. ಇಲ್ಲದ ಹಳೆಯ ಗಾಡಿಗೆ ಹೇಳುವ ಮುನ್ನವೂ.

ಮೂರನೆಯದು, ಕಡಿಮೆ ವೇಗದಲ್ಲಿ, ಖಾಲಿ ಬಯಲಿನಲ್ಲಿ, ನಿಮ್ಮ ಕೈಯಿಂದಲೇ ಪರೀಕ್ಷಿಸಲು ಬಿಡುವರೇ ನೋಡಿ. "ಎಡಕ್ಕೆ ತಿರುಗಬೇಕಾದರೆ ಎಡಗೈ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ" ಎಂಬ ಪಾಠವಿದೆ. ಕೇಳಿದರೆ ತಲೆಕೆಳಗಾದ ಮಾತು. ಆದರೆ ನಡಿಗೆಯ ವೇಗ ದಾಟಿ ಗಾಡಿ ಸಲೀಸಾಗಿ ಓಡುವಾಗ ಒತ್ತಿ ನೋಡಿದರೆ ಅದು ಎಡಕ್ಕೇ ವಾಲುತ್ತದೆ. ಸತ್ಯವಾದ ಪಾಠ ಹೀಗೆ ಪರೀಕ್ಷೆಗೆ ಅಂಜುವುದಿಲ್ಲ.

ನಾಲ್ಕನೆಯದು, "ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ" ಎಂಬ ಮಾತಿಗೆ ಮರುಳಾಗಬೇಡಿ. ನಮ್ಮ ವೃತ್ತಿಯಲ್ಲಿ ಹಳೆಯ ಪಾಠಟಿಪ್ಪಣಿಗೆ ಹೊಸ ತಾರೀಕು ಹಾಕಿ ಇನ್‌ಸ್ಪೆಕ್ಟರರಿಗೆ ತೋರಿಸುವವರಿದ್ದರು. ಕೆಲವರ ಅನುಭವವೂ ಅಂಥದ್ದೇ. ಏನೂ ಆಗದವರು ಮಾತಾಡುತ್ತಾರೆ. ಆದವರು ಕಟ್ಟೆಯ ಮೇಲೆ ಕುಳಿತು ಸಲಹೆ ಕೊಡಲು ಬರುವುದಿಲ್ಲ. ಲೈಸೆನ್ಸೂ ಪೂರ್ತಿ ಸಾಕ್ಷಿಯಲ್ಲ. ನಾನು ಕಂಡ ಪರೀಕ್ಷೆಗಳಲ್ಲಿ ಕಾಲೂರದೆ 8 ಹಾಕಿದರೆ ಮುಗಿಯಿತು. ಅದು ಸಮತೋಲನದ ಪರೀಕ್ಷೆಯೇ ಹೊರತು, ಲಾರಿ ಫಕ್ಕನೆ ನಿಂತಾಗ ಏನು ಮಾಡುವಿರಿ ಎಂಬುದರ ಪರೀಕ್ಷೆಯಲ್ಲ.

ಮೊಮ್ಮಗಳೊಂದಿಗೆ ಎರಡು ಭಾನುವಾರ ನಾನೂ ಹೋಗಿ ಇಬ್ಬರು ಕಲಿಸುವವರನ್ನು ನೋಡಿ ಬಂದೆ. ಮೊದಲನೆಯವರು ಎಷ್ಟು ಲಕ್ಷ ಕಿಲೋಮೀಟರ್ ಓಡಿಸಿದ್ದೇನೆ ಎಂಬಲ್ಲಿಂದ ಆರಂಭಿಸಿದರು. ಹೆದರಿದ ಹುಡುಗನೊಬ್ಬನನ್ನು ಎಲ್ಲರೆದುರು ಹಾಸ್ಯ ಮಾಡಿದರು. ಮಾತು ಮಾತಿಗೂ "ಭಯ ಬಿಟ್ಟರೆ ಎಲ್ಲ ಬರುತ್ತೆ" ಎನ್ನುತ್ತಿದ್ದರು. ಎರಡನೆಯವರು ಒಬ್ಬ ಹೆಣ್ಣುಮಗಳು. ತಾವು ಮೊದಲು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಪ್ರತಿಯೊಬ್ಬರದನ್ನೂ ಎಳೆದು ನೋಡಿದರು. ಇಡೀ ಬೆಳಗ್ಗೆ ಕಲಿಸಿದ್ದು ನಿಲ್ಲಿಸುವುದನ್ನು ಮಾತ್ರ. ಮುಂದಿನ ಬ್ರೇಕನ್ನು ಥಟ್ಟನೆ ಹಿಡಿಯದೆ, ನಿಂಬೆಹಣ್ಣು ಹಿಂಡುವಂತೆ ಬಿಗಿಮಾಡುತ್ತ ಹೋಗುವುದನ್ನು. ಮಣ್ಣಿನ ದಾರಿಯಲ್ಲಿ ಹೇಗೆ ಎಂದು ನಮ್ಮ ಹುಡುಗಿ ಕೇಳಿದಾಗ ಅವರೆಂದರು: "ಅದು ಬೇರೆಯೇ ವಿದ್ಯೆ. ನನಗೆ ಅಷ್ಟಾಗಿ ಬಾರದು. ಬಲ್ಲವರ ಹತ್ತಿರ ಕಲಿಯಿರಿ." ನನಗೆ ಅಷ್ಟು ಸಾಕಾಯಿತು. ತನ್ನ ಪಾಠದ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂದು ಬಲ್ಲವರು ಆ ಎಲ್ಲೆಯೊಳಗೆ ಹೇಳಿದ್ದನ್ನು ನಂಬಬಹುದು. ಇಡೀ ವೃತ್ತಿಜೀವನದಲ್ಲಿ "ನನಗೆ ಗೊತ್ತಿಲ್ಲ" ಎಂದು ತರಗತಿಯಲ್ಲಿ ನಾನು ಹೇಳಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದೆ. ಬೆರಳೆಣಿಕೆಯೂ ಆಗಲಿಲ್ಲ.

ಮೊಮ್ಮಗಳು ಎರಡನೆಯವರ ಬಳಿ ಸೇರಿದ್ದಾಳೆ. ಅವಳ ತಂದೆಯೂ ಆ ದಿನ ನನ್ನ ಪಕ್ಕದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದ. ಮಗಳು ಎರಡೂ ಬ್ರೇಕು ಹಿಡಿದು, ಜಾರದೆ, ಸುಣ್ಣದ ಗೆರೆಯ ಮೇಲೆ ನಿಂತಾಗ ಅವನು ಏನೂ ಹೇಳಲಿಲ್ಲ. ನನ್ನ ಮೊಣಕಾಲಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದ.

ಕೊನೆಯದಾಗಿ ನನ್ನ ವಿದ್ಯಾರ್ಥಿಗಳಿಗೆ. 1979ರಿಂದ 1994ರವರೆಗೆ ಶಾಲೆಯ ಬಯಲಿನಲ್ಲಿ ನನ್ನ ಯೆಜ್ಡಿಯ ಮೇಲೆ ಕೈಪಳಗಿಸಿಕೊಂಡವರು ಹತ್ತು ಹನ್ನೆರಡು ಮಂದಿಯಾದರೂ ಇದ್ದೀರಿ. ನಿಮಗೆಲ್ಲ ನಾನು "ಮುಂದಿನ ಬ್ರೇಕು ಮುಟ್ಟಬೇಡ" ಎಂದಿದ್ದೇನೆ. ಮೇಷ್ಟರು ಹೇಳಿದರೆಂದು ನೀವು ಅದನ್ನು ನಿಮ್ಮ ಮಕ್ಕಳಿಗೆ ದಾಟಿಸಿರಬಹುದು. ಆ ಮಾತನ್ನು ಇಂದು ಹಿಂದಕ್ಕೆ ಪಡೆಯುತ್ತಿದ್ದೇನೆ. ದಯವಿಟ್ಟು ಮಕ್ಕಳನ್ನು ಕರೆದು ಹೇಳಿ: ಮೇಷ್ಟರು ತಪ್ಪು ಹೇಳಿದ್ದರು. ಈಗ ಹೇಳಿದ್ದನ್ನಾದರೂ ನಾನು ಹೇಳಿದೆನೆಂದು ನಂಬಬೇಡಿ. ಭಾನುವಾರ ಬೆಳಗ್ಗೆ ಖಾಲಿ ಬಯಲಿಗೆ ಹೋಗಿ, ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೆಲ್ಲಗೆ ಓಡಿಸಿ, ಪರೀಕ್ಷಿಸಿ ನೋಡಿ.